ಬಳಿ, ಜಾತಿ ಪತ್ರ, ಹದಿನೆಂಟು ವರ್ಷ: ಮಲೆನಾಡಿನ ಕೇರಿಗಳಲ್ಲಿ ಪ್ರೀತಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ಮನೆಗಳ ಅಂಗಳದಲ್ಲಿ ನಡುರಾತ್ರಿಯವರೆಗೂ ದೀಪ ಉರಿಯುತ್ತದೆ. ಸಾಲಾಗಿ ಮೆಟ್ಟುಗತ್ತಿ. ಒಬ್ಬೊಬ್ಬರು ಒಂದೊಂದರ ಮೇಲೆ ಕಾಲು ಮೆಟ್ಟಿ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಸಿಪ್ಪೆ ಹಿಂದಕ್ಕೆ, ಅಡಿಕೆ ಬುಟ್ಟಿಗೆ. ಬೆರಳೆಲ್ಲ ಚೊಗರು ಹಿಡಿದು ಕಪ್ಪು. ಸುಲಿದಷ್ಟಕ್ಕೇ ಕೂಲಿ, ಹಾಗಾಗಿ ಕೈ ನಿಲ್ಲುವಂತಿಲ್ಲ. ಬಿಡುವಿರುವುದು ಬಾಯಿಗೆ ಮಾತ್ರ. ನಾಲ್ಕಾರು ಬುಡಕಟ್ಟು ಕೇರಿಯ ಹುಡುಗ ಹುಡುಗಿಯರು ವಾರಗಟ್ಟಲೆ ಹೀಗೆ ಎದುರುಬದುರು ಕೂತರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಹಿಂದೆ ಸುಗ್ಗಿ ಮುಗಿದ ಮೇಲೆ ಮತ್ತೆ ಮುಖ ನೋಡಲು ಊರಿನ ಜಾತ್ರೆಯೇ ಬರಬೇಕಿತ್ತು. ಈಗ ಫೋನಿದೆ. ಕೇರಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತಿದರಾಯಿತು. ಸಂಜೆ ಹೊತ್ತು ದನ ಹುಡುಕುವ ನೆಪದಲ್ಲಿ ಗುಡ್ಡ ಹತ್ತುವವರು ಎಷ್ಟು ಜನ ಅಂತ ಮಲೆನಾಡಿನ ತಾಯಂದಿರಿಗೆ ಚೆನ್ನಾಗಿ ಗೊತ್ತು.

ವಿಷಯ ಮನೆಗೆ ತಿಳಿದಾಗ ಪೇಟೆಯಲ್ಲಾದರೆ 'ಹುಡುಗ ಏನು ಕೆಲಸದಲ್ಲಿದ್ದಾನೆ' ಎಂಬ ಪ್ರಶ್ನೆ ಬರುತ್ತದೆ. ಕೇರಿಯಲ್ಲಿ ಮೊದಲು ಬರುವ ಪ್ರಶ್ನೆ ಬೇರೆ. 'ಯಾವ ಬಳಿ?' ಬಳಿ ಎಂದರೆ ಕುಲ, ಒಂದೇ ಮೂಲದವರು ಎಂದು ನಂಬುವವರ ಗುಂಪು.

ಇಂಥ ಜೋಡಿ ಓಡಿಹೋದ ಸುದ್ದಿ ಬಂದಾಗಲೆಲ್ಲ 'ಸಂಪ್ರದಾಯಕ್ಕೂ ಹೊಸ ಕಾಲಕ್ಕೂ ಜಗಳ' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಅಲ್ಲಿ ಬೇಡ ಎನ್ನುವವರು ಒಬ್ಬರಲ್ಲ. ಬಳಿ ಬೇಡ ಎನ್ನುತ್ತದೆ, ಜಾತಿ ಬೇಡ ಎನ್ನುತ್ತದೆ, ಕೆಲವು ಸಲ ಕಾನೂನೇ ಬೇಡ ಎನ್ನುತ್ತದೆ. ಈ ಮೂವರಿಗೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿಲ್ಲ. ನನಗೆ ಕಾಣುವ ಹಾಗೆ, ಹಳೆ ಕಟ್ಟಳೆ ಎಷ್ಟೇ ಬಿಗಿಯಾಗಿದ್ದರೂ ತಪ್ಪಿ ನಡೆದವರನ್ನು ಮತ್ತೆ ಒಳಗೆ ಕರೆದುಕೊಳ್ಳುವ ದಾರಿಯೊಂದನ್ನು ಇಟ್ಟುಕೊಂಡಿತ್ತು. ಈಗ ಬೇಡ ಎನ್ನುವುದು ಹಾಗೇ ಉಳಿದಿದೆ, ಆ ದಾರಿ ಮಾತ್ರ ಸವೆದಿದೆ.

ಯಾರ ಬಗ್ಗೆ ಮಾತು

ಶಿವಮೊಗ್ಗ ಜಿಲ್ಲೆಯಲ್ಲಿ ಬುಡಕಟ್ಟು ಎಂದರೆ ಒಂದೇ ಗುಂಪಲ್ಲ. ತೀರ್ಥಹಳ್ಳಿ, ಹೊಸನಗರ, ಪಕ್ಕದ ಶೃಂಗೇರಿ, ಕೊಪ್ಪದ ತೋಟಗಳ ಅಂಚಿನಲ್ಲಿ ಹಸಲರ ಕೇರಿಗಳಿವೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಇವರ ಬದುಕು ತಲೆಮಾರುಗಳಿಂದ ಅಡಿಕೆ ತೋಟದ ಕೂಲಿಯೇ. ಶಿವಮೊಗ್ಗದ ಸುತ್ತ ಹಕ್ಕಿಪಿಕ್ಕಿ ಕ್ಯಾಂಪುಗಳಿವೆ. ಮನೆಯೊಳಗೆ ವಾಗ್ರಿ ಮಾತು, ಹೊರಗೆ ಕನ್ನಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಬಿಟ್ಟರು. ಈಗ ತಲೆಕೂದಲಿನ ಎಣ್ಣೆ, ಬೇರು ನಾರು ಹಿಡಿದು ಆಫ್ರಿಕಾದವರೆಗೂ ಹೋಗಿ ಮಾರುತ್ತಾರೆ. 2023ರಲ್ಲಿ ಸುಡಾನ್‌ನಲ್ಲಿ ಕಾದಾಟ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಇವರೇ ಹೆಚ್ಚು ಸುದ್ದಿಯಾದರು. ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳು. ಲಂಬಾಣಿಗರು ನೆರೆಯ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ನಮ್ಮಲ್ಲಿ ಪರಿಶಿಷ್ಟ ಜಾತಿ. ಇದು ಸುಮ್ನೆ ಪಟ್ಟಿಯ ವ್ಯತ್ಯಾಸ ಅನ್ನಿಸಬಹುದು. ಮದುವೆ ಕಾನೂನಿನ ವಿಷಯಕ್ಕೆ ಬಂದಾಗ ಇದೇ ದೊಡ್ಡದಾಗುತ್ತದೆ, ಅದನ್ನು ಮುಂದೆ ನೋಡೋಣ.

ಒಂದೇ ಬಳಿ ಎಂದರೆ ಅಣ್ಣ ತಂಗಿ

ಮಲೆನಾಡು, ಕರಾವಳಿಯ ಎಷ್ಟೋ ಸಮುದಾಯಗಳು ಬಳಿಗಳಾಗಿ ಹಂಚಿಕೊಂಡಿವೆ. ಒಂದು ಬಳಿಯವರೆಲ್ಲ ಒಂದೇ ಮೂಲದವರು ಎಂಬ ನಂಬಿಕೆ. ಹಾಗಾಗಿ ಅದೇ ಬಳಿಯೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಲಂಬಾಣಿಗರಲ್ಲಿ ಇದೇ ಕೆಲಸವನ್ನು ರಾಠೋಡ್, ಪವಾರ್, ಚವ್ಹಾಣ್ ಎಂಬ ಗೋತ್ರಗಳು ಮಾಡುತ್ತವೆ. ರಾಠೋಡರ ಹುಡುಗನಿಗೆ ರಾಠೋಡರ ಹುಡುಗಿ ಆಗುವುದಿಲ್ಲ, ಇಬ್ಬರ ತಾಂಡಾಗಳ ನಡುವೆ ನೂರು ಮೈಲಿ ಇದ್ದರೂ ಅಷ್ಟೇ. ಹಕ್ಕಿಪಿಕ್ಕಿಗಳಲ್ಲಿ ಗುಜರಾಥಿಯಾ, ಕಾಳಿವಾಲಾ, ಮೇವಾರಾ, ಪನ್ವಾರಾ ಎಂಬ ನಾಲ್ಕು ಕುಲಗಳು. ಮದುವೆ ಒಂದು ಕುಲದಿಂದ ಇನ್ನೊಂದಕ್ಕೆ.

ತುಳುನಾಡಿನಲ್ಲಿ ಬಳಿ ಬರುವುದು ತಾಯಿಯಿಂದ. ಘಟ್ಟದ ಮೇಲೂ ತಾಯಿಯ ಬಳಿಯನ್ನೇ ಎಣಿಸುವ ಸಮುದಾಯಗಳಿವೆ. ಈ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಿ, ಆಮೇಲೆ ಬರುವುದೆಲ್ಲ ಇದರ ಮೇಲೇ ನಿಂತಿದೆ. ನನ್ನ ಬಳಿ ನನ್ನ ಅಮ್ಮನದು. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವನದೂ ಅದೇ ಬಳಿ. ಆದರೆ ಮಾವನ ಮಗಳಿಗೆ ಬರುವುದು ಅವಳ ಅಮ್ಮನ ಬಳಿ, ಅದು ಬೇರೆ. ಹಾಗಾಗಿ ಅವಳನ್ನು ನಾನು ಮದುವೆಯಾಗಬಹುದು. ಆಗಬಹುದು ಏನು, ಎಷ್ಟೋ ಕಡೆ ಅವಳೇ ಹಕ್ಕಿನ ಹೆಣ್ಣು. ಚಿಕ್ಕಮ್ಮನ ಮಗಳದ್ದು ನನ್ನದೇ ಬಳಿ, ಅವಳು ತಂಗಿ. ಎಲ್ಲೋ ಕೊಪ್ಪದ ಕಡೆಯ ಮುಖವೇ ನೋಡದ ಹುಡುಗಿಯದ್ದು ನನ್ನ ಬಳಿಯೇ ಆಗಿದ್ದರೆ ಅವಳೂ ತಂಗಿಯೇ.

ಈಗ ಇದೇ ಪ್ರಶ್ನೆಯನ್ನು ಕಾನೂನಿಗೆ ಕೇಳಿ. 1954ರ ವಿಶೇಷ ವಿವಾಹ ಕಾಯ್ದೆಯ ಕೊನೆಗೆ ಮದುವೆಯಾಗಬಾರದ ಸಂಬಂಧಗಳ ಪಟ್ಟಿಯಿದೆ. ಸೋದರಮಾವನ ಮಗಳು, ಸೋದರತ್ತೆಯ ಮಗಳು ಇಬ್ಬರೂ ಆ ಪಟ್ಟಿಯಲ್ಲಿದ್ದಾರೆ. ಪದ್ಧತಿ ಒಪ್ಪಿದರೆ ವಿನಾಯಿತಿ ಉಂಟು, ಆದರೆ ಅದು ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪದ್ಧತಿಗೆ ಮಾತ್ರ. ಬಳಿ ಎಂಬ ಮಾತಂತೂ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅಂದರೆ ಕೇರಿ ಹಕ್ಕಿನ ಹೆಣ್ಣು ಎನ್ನುವವಳನ್ನು ಕಾಯ್ದೆ ಬೇಡ ಎನ್ನುತ್ತದೆ. ಮುಖವೇ ನೋಡದ ಒಂದೇ ಬಳಿಯವಳನ್ನು ಕೇರಿ ತಂಗಿ ಎಂದರೂ ಅವಳ ಬಗ್ಗೆ ಕಾಯ್ದೆಗೆ ಯಾವ ತಕರಾರೂ ಇಲ್ಲ.

ಹೀಗಾಗಿ ಒಂದೇ ಬಳಿಯ ಇಬ್ಬರು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಓದುವಾಗ ಇಷ್ಟಪಟ್ಟರೆ ಅವರಿಗೆ ತಾವು ಮಾಡಿದ ತಪ್ಪೇನು ಅಂತಲೇ ಹೊಳೆಯುವುದಿಲ್ಲ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಬಳಿ ಬರೆಯುವುದಿಲ್ಲವಲ್ಲ. ಅಜ್ಜಿಯ ಹತ್ತಿರ ಹೋಗಿ ಕೇಳಿದ ಮೇಲೆಯೇ ಗೊತ್ತಾಗುವುದು. ಅಷ್ಟರಲ್ಲಿ ಎರಡು ವರ್ಷ ಆಗಿರುತ್ತದೆ. ಅಜ್ಜಿಯ ಮುಖದಲ್ಲಿ ಕಾಣುವುದು ಸಿಟ್ಟಲ್ಲ, ಅಸಹ್ಯ. ಮೊಮ್ಮಗ ತಂಗಿಯನ್ನೇ ಮದುವೆಯಾಗುತ್ತೇನೆ ಅಂದ ಹಾಗೆ ಅವಳಿಗೆ ಕೇಳಿಸಿದೆ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ. ಹುಡುಗನಿಗೆ ಪ್ರೀತಿ ಎಷ್ಟು ನಿಜವೋ ಅಜ್ಜಿಗೆ ಆ ಅಸಹ್ಯವೂ ಅಷ್ಟೇ ನಿಜ.

ದಂಡ ಕಟ್ಟಿ ಒಳಗೆ ಬರುವುದು

ಹಳೆಯ ಕಟ್ಟಳೆಯೆಂದರೆ ಬರೀ ಬೇಡಗಳ ಪಟ್ಟಿ ಅಂದುಕೊಳ್ಳುವವರೇ ಜಾಸ್ತಿ. ಹಾಗಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಿ. ಇಷ್ಟಪಟ್ಟ ಇಬ್ಬರು ಓಡಿಹೋಗಿ ಕಾಡಲ್ಲಿ ಕೆಲವು ದಿನ ಇದ್ದು ಬರುವುದು ಅಲ್ಲಿ ಮದುವೆಯ ಒಂದು ಬಗೆಯೇ. ಬಂದ ಮೇಲೆ ಹಿರಿಯರು ಕೂತು ದಂಡ ಹಾಕುತ್ತಾರೆ, ಊಟವಾಗುತ್ತದೆ, ಅಲ್ಲಿಗೆ ಅವರು ಗಂಡ ಹೆಂಡತಿ. ಜೇನುಕುರುಬರಲ್ಲೂ ಓಡಿಹೋಗಿ ಆಗುವ ಮದುವೆ ಮಾಮೂಲು. ಅಪ್ಪ ಅಮ್ಮನ ಸಿಟ್ಟಿಗೆ ಅಲ್ಲಿ ಜಾಗವಿದೆ, ಆ ಸಿಟ್ಟಿಗೆ ಒಂದು ಕೊನೆಯೂ ಇದೆ.

ಮಲೆನಾಡಿನ ಕಡೆ ತೆರದ ಪದ್ಧತಿ ಇತ್ತು. ಇಲ್ಲಿನ ಅನೇಕ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಹಣ ಕೊಡಬೇಕಿತ್ತು. ಹಕ್ಕಿಪಿಕ್ಕಿಗಳಲ್ಲಿಯೂ ಹಾಗೇ. ಗಂಡ ಸತ್ತವಳು, ಬಿಟ್ಟು ಬಂದವಳು ಮತ್ತೊಬ್ಬನ ಜೊತೆ ಸಂಸಾರ ಹೂಡಲು ಕೂಡಿಕೆ ಅಥವಾ ಸೀರೆ ಉಡಿಕೆ ಎಂಬ ದಾರಿ ಇತ್ತು. ಧಾರೆಯಷ್ಟು ಗೌರವ ಅದಕ್ಕಿರಲಿಲ್ಲ. ಕೂಡಿಕೆಯಾದವಳನ್ನು ಮದುವೆಮನೆಯ ಶಾಸ್ತ್ರಗಳಲ್ಲಿ ಮುಂದೆ ಬಿಡುತ್ತಿರಲಿಲ್ಲ. ಆದರೂ ಊರು ಬಿಡಬೇಕಾಗಿರಲಿಲ್ಲ, ಬಾವಿಗೆ ಬೀಳಬೇಕಾಗಿರಲಿಲ್ಲ. ತಾಂಡಾದಲ್ಲಿ ನಾಯಕ, ಕಾರಭಾರಿ, ಡಾವ್ ಎಂಬ ಹಿರಿಯರು ಕೂತು ಎರಡೂ ಮನೆಯ ಮಾತು ಕೇಳಿ ತೀರ್ಮಾನ ಹೇಳುತ್ತಿದ್ದರು. ಆ ತೀರ್ಮಾನದಲ್ಲಿ ಹೆಣ್ಣಿನ ಮಾತಿಗೆ ಎಷ್ಟು ಬೆಲೆಯಿತ್ತು ಎಂದರೆ, ಕಡಿಮೆಯೇ. ಕೂತವರೆಲ್ಲ ಗಂಡಸರು. ದಂಡದ ಹಣ ಹುಡುಗಿಯ ಕೈಗಂತೂ ಹೋಗುತ್ತಿರಲಿಲ್ಲ. ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ತಪ್ಪಿಗೆ ಒಂದು ಬೆಲೆ ಕಟ್ಟಿ, ಅದನ್ನು ತೀರಿಸಿದ ಮೇಲೆ ಮತ್ತೆ ಕೇಳುತ್ತಿರಲಿಲ್ಲ, ಅಷ್ಟು ಮಾತ್ರ.

ಈಗ ತೆರ ಹೋಗಿ ವರದಕ್ಷಿಣೆ ಬಂದಿದೆ. ಚಪ್ಪರದ ಮದುವೆ ಹೋಗಿ ಕಲ್ಯಾಣ ಮಂಟಪ ಬಂದಿದೆ. ಮೇಲಿನವರ ಹಾಗೆ ಮದುವೆ ಮಾಡಬೇಕು ಎಂಬ ಆಸೆಯ ಜೊತೆಗೆ, ಮೇಲಿನವರ ಹಾಗೆ ಮಾನ ಕಾಯಬೇಕು ಎಂಬ ಹಟವೂ ಬಂತು. ಕೂಡಿಕೆ ಅಂದರೆ ಈಗಿನ ಹುಡುಗರಿಗೆ ನಾಚಿಕೆ. ಹಿರಿಯರು ದಂಡ ಹಾಕಿದರೆ 'ನೀವು ಯಾರು ಕೇಳೋಕೆ' ಎನ್ನುವ ಧೈರ್ಯ ಬಂದಿದೆ. ಒಳ್ಳೆಯದೇ. ಆದರೆ ಒಳಗೆ ಬಿಟ್ಟುಕೊಳ್ಳಿ ಅಂತ ಕೇಳಿಕೊಳ್ಳಲು ಹಿರಿಯರ ಆ ಸಭೆಯೂ ಉಳಿದಿಲ್ಲ.

ಹೊರಗಿನವನು ಬೇಡ ಅನ್ನುವುದರ ಹಿಂದೆ

ಬಳಿಯ ಜಗಳ ಕೇರಿಯ ಒಳಗಿನದು. ಪ್ರೀತಿ ಜಾತಿ ದಾಟಿದಾಗ ಕಥೆಯೇ ಬೇರೆ.

ಕೇರಿಯ ಹುಡುಗಿ ಹೊರಗಿನ ಹುಡುಗನನ್ನು ಇಷ್ಟಪಟ್ಟರೆ ಹಿರಿಯರು ಬೇಡ ಎನ್ನುತ್ತಾರೆ. ಅದಕ್ಕೆ ಬರೀ ಜಾತಿಯ ಹಟ ಕಾರಣ ಅಂದುಕೊಳ್ಳಬೇಡಿ, ಅಲ್ಲೊಂದು ನೆನಪಿದೆ. ತೋಟದ ಒಡೇರ ಹತ್ತಿರ ಮದುವೆ ಖರ್ಚಿಗೆ ಸಾಲ ತೆಗೆದು, ಆ ಸಾಲಕ್ಕೆ ವರ್ಷಗಟ್ಟಲೆ ಜೀತ ದುಡಿದವರ ಮಕ್ಕಳು ಮೊಮ್ಮಕ್ಕಳು ಇವರು. ದೇಶದಲ್ಲಿ ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ಅದೇನು ಬಹಳ ಹಿಂದಿನ ಮಾತಲ್ಲ. ದುಡಿಮೆಯಷ್ಟೇ ಅಲ್ಲ, ಮನೆಯ ಹೆಣ್ಣುಮಕ್ಕಳ ಮೇಲೂ ತೋಟದವರಿಗೆ ಅಧಿಕಾರವಿದೆ ಎಂಬಂತೆ ನಡೆದುಕೊಂಡವರಿದ್ದರು. ಪ್ರೀತಿ ಅಂತ ಶುರುವಾಗಿ, ಹೊಟ್ಟೆಯಲ್ಲಿ ಮಗು ಬಿಟ್ಟು, ಹುಡುಗ ತನ್ನ ಜಾತಿಯ ಹುಡುಗಿಯನ್ನು ಮದುವೆಯಾದ ಕಥೆ ಒಂದಾದರೂ ಇಲ್ಲದ ಕೇರಿ ಸಿಗುವುದು ಕಷ್ಟ. ಹೊರಗಿನವನು ಬೇಡ ಎನ್ನುವ ಅಜ್ಜನ ಮಾತಿನಲ್ಲಿ ಅರ್ಧ ಇದೇ ಭಯ. ತೊಂದರೆ ಏನೆಂದರೆ, ಮೋಸ ಮಾಡುವವನಿಗೂ ನಿಜವಾಗಿ ಮದುವೆಯಾಗಲು ಬಂದವನಿಗೂ ಆ ಮಾತು ಒಂದೇ ಬಾಗಿಲು ಮುಚ್ಚುತ್ತದೆ.

ಇನ್ನು ಕೇರಿಯ ಹುಡುಗ, ಮೇಲಿನ ಜಾತಿಯ ಹುಡುಗಿ ಎಂದಾದರೆ ಬೇಡ ಎನ್ನುವ ಜಾಗವೇ ಬದಲಾಗುತ್ತದೆ. ಕೇರಿಯವರಿಗೆ ಮೊದಲು ಬರುವುದು ಸಿಟ್ಟಲ್ಲ, ಹೆದರಿಕೆ. ನಾಳೆ ತೋಟದ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ. ಕೇರಿಗೆ ಬರುವ ದಾರಿ ಯಾರದೋ ಜಾಗದಲ್ಲಿ ಹಾದುಬರುತ್ತದೆ, ಅದಕ್ಕೆ ಬೇಲಿ ಬೀಳುತ್ತದೋ ಏನೋ. ನೀರಿನ ಪೈಪು ಯಾರ ಗದ್ದೆಯ ಅಂಚಿನಲ್ಲಿದೆ. ಒಂದು ಜೋಡಿ ಓಡಿಹೋದರೆ ಲೆಕ್ಕ ತೀರಿಸಬೇಕಾದವರು ಹಿಂದುಳಿದ ಇಪ್ಪತ್ತು ಮನೆಯವರು. 'ಬುಡಕಟ್ಟಿನ ಕಟ್ಟುಪಾಡು ಪ್ರೀತಿಯನ್ನು ಕೊಲ್ಲುತ್ತದೆ' ಎಂದು ಬರೆಯುವವರು ಒಮ್ಮೆ ಇದನ್ನು ನೋಡಬೇಕು. ಕೇರಿ ಕೇಳುವುದು ದಂಡ. ಜೀವಕ್ಕೆ ಅಪಾಯ ಬರುವುದು ಹೆಚ್ಚಾಗಿ ಮೇಲಿನ ಮನೆಯಿಂದ.

ಇದರ ಪಕ್ಕದಲ್ಲೇ ಇನ್ನೊಂದು ನಡೆಯುತ್ತಿದೆ, ನೋಡಿದರೆ ನಗು ಬರುತ್ತದೆ. ತೋಟದ ಮನೆಯ ಗಂಡುಗಳಿಗೆ ಹೆಣ್ಣು ಸಿಗುತ್ತಿಲ್ಲ. ಓದಿದ ಹುಡುಗಿಯರು ಬೆಂಗಳೂರು ಸೇರಿದರು. ಕೆಲವು ಮನೆಯವರು ಕಾಶಿಯ ಕಡೆಗೂ ಹೋಗಿ ಹೆಣ್ಣು ಹುಡುಕಿದ್ದಾರೆ. ಭಾಷೆ ಬಾರದಿದ್ದರೂ ಅಡ್ಡಿಯಿಲ್ಲ, ಅಡುಗೆ ಬೇರೆಯಾದರೂ ಅಡ್ಡಿಯಿಲ್ಲ. ತೋಟದಾಚೆಯ ಕೇರಿಯವಳು ಮಾತ್ರ ಆಗುವುದಿಲ್ಲ.

ಸಾಮಾಜಿಕ ಬಹಿಷ್ಕಾರದ ವಿಷಯದಲ್ಲಿ ಕಾನೂನು ಸುಮ್ಮನಿಲ್ಲ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಯಿತು. ಪರಿಶಿಷ್ಟರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದನ್ನು, ಹಾಕುತ್ತೇವೆಂದು ಬೆದರಿಸುವುದನ್ನು ಅಪರಾಧಗಳ ಪಟ್ಟಿಗೆ ಸೇರಿಸಿದರು. ಆದರೆ 'ಈ ಸಲ ಕೆಲಸಕ್ಕೆ ಜನ ಸಾಕು' ಅಂದರೆ ಅದು ಬಹಿಷ್ಕಾರವೋ ಅಲ್ಲವೋ ಅಂತ ಠಾಣೆಯಲ್ಲಿ ಸಾಬೀತು ಮಾಡುವವರು ಯಾರು?

ಹದಿನೆಂಟಕ್ಕೆ ಮೊದಲು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ ಗಂಟು ಇದು.

ಹುಡುಗಿಗೆ ಹದಿನೇಳು, ಹುಡುಗನಿಗೆ ಇಪ್ಪತ್ತು ಅಂದುಕೊಳ್ಳಿ. ಒಂದೇ ಸಮುದಾಯ, ಬಳಿ ಬೇರೆ. ಓಡಿಹೋದರು, ತಿಂಗಳು ಬಿಟ್ಟು ಬಂದರು. ಹಿರಿಯರು ಬೈದು, ತಾಳಿ ಕಟ್ಟಿಸಿ ಒಳಗೆ ಕರೆದುಕೊಂಡರು. ಕೇರಿಯ ಮಟ್ಟಿಗೆ ಎಲ್ಲ ಸರಿಹೋಯಿತು. ಆರು ತಿಂಗಳ ಬಳಿಕ ಹುಡುಗಿ ಬಸುರಿ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಇದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯಲು ಬಂದ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವಳ ಒಪ್ಪಿಗೆಗೆ ಬೆಲೆಯಿಲ್ಲ, ಮತ್ತು ಇಂಥದ್ದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದಿದ್ದರೆ ವೈದ್ಯರ ಮೇಲೇ ಕೇಸಾಗಬಹುದು. ಅವರು ತಿಳಿಸುತ್ತಾರೆ. ಹುಡುಗ ಜೈಲಿಗೆ ಹೋಗುತ್ತಾನೆ. ದೂರು ಕೊಟ್ಟವರು ಹುಡುಗಿಯ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ.

'ಮದುವೆ ಆಗಿದೆಯಲ್ಲ' ಅಂದರೆ ಅದೂ ನಿಲ್ಲುವುದಿಲ್ಲ. ಕರ್ನಾಟಕ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ 2016ರಲ್ಲಿ ತನ್ನದೇ ತಿದ್ದುಪಡಿ ತಂದಿತು. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ ಬಾಲ್ಯವಿವಾಹವನ್ನು ಆಮೇಲೆ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ನಮ್ಮಲ್ಲಿ ಅದು ಮೊದಲಿನಿಂದಲೇ ಅಸಿಂಧು, ಆಗೇ ಇಲ್ಲ ಅನ್ನುವ ಲೆಕ್ಕ. ಹಿರಿಯರು ಕಟ್ಟಿಸಿದ ತಾಳಿಗೆ ಅಲ್ಲಿ ಜಾಗವಿಲ್ಲ. ಉಲ್ಟಾ, ಮದುವೆ ಮಾಡಿಸಿದ ಹಿರಿಯರೂ ಆರೋಪಿಗಳು.

ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋದ ಪ್ರಕರಣಗಳನ್ನು ನೋಡಿ ನೋಡಿ, 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಯೋಚನೆ ಮಾಡಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರಲ್ಲಿ ತನ್ನ 283ನೇ ವರದಿ ಕೊಟ್ಟಿತು. ವಯಸ್ಸು ಇಳಿಸುವುದು ಬೇಡ, ಆದರೆ ಹದಿನಾರರಿಂದ ಹದಿನೆಂಟರ ನಡುವಿನವರು ಒಪ್ಪಿ ನಡೆದುಕೊಂಡ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಶಿಕ್ಷೆ ಕಡಿಮೆ ಮಾಡುವ ಅವಕಾಶ ಇರಲಿ ಎಂದಿತು.

ನನಗೂ ಇಲ್ಲಿ ಸಲೀಸಾದ ಉತ್ತರ ಕಾಣುವುದಿಲ್ಲ. ಹದಿನೇಳಕ್ಕೆ ಮದುವೆಯಾದ ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. ಅದನ್ನು ತಡೆಯುವ ಕಾನೂನು ಬೇಕೇ ಬೇಕು. ಆದರೆ ತೋಟದ ಮನೆಯ ಹುಡುಗ ಮೋಸ ಮಾಡಿದಾಗ ಠಾಣೆಯವರೆಗೆ ಬಾರದ ಕೇಸು, ಕೇರಿಯ ಹುಡುಗ ತನ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆತಂದಾಗ ತಾನಾಗಿಯೇ ದಾಖಲಾಗುತ್ತದೆ.

ಹದಿನೆಂಟು ದಾಟಿದವರಿಗೆ

ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬಿದ್ದರೆ ಕಾನೂನು ಅವರ ಕಡೆಗಿದೆ. 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮದುವೆಯಲ್ಲಿ ಕೈಹಾಕಲು ಯಾವ ಪಂಚಾಯಿತಿಗೂ ಹಕ್ಕಿಲ್ಲ ಎಂದಿತು. ಬೆದರಿಕೆ ಇರುವ ಜೋಡಿಗಳಿಗೆ ಜಿಲ್ಲೆಯಲ್ಲಿ ಸುರಕ್ಷಿತ ಮನೆ, ಸಹಾಯವಾಣಿ, ವಿಶೇಷ ಘಟಕ ಇರಬೇಕು ಎಂದು ನಿರ್ದೇಶನ ಕೊಟ್ಟಿತು. 2021ರಲ್ಲಿ ಬೆಳಗಾವಿ ಜಿಲ್ಲೆಯಿಂದ ಹೋದ ಒಂದು ಪ್ರಕರಣದಲ್ಲಿ, ಮದುವೆಯಾದ ಹುಡುಗಿಯನ್ನು ಠಾಣೆಗೆ ಬಾ ಎಂದು ಒತ್ತಾಯಿಸಿದ ತನಿಖಾಧಿಕಾರಿಯ ನಡೆಯನ್ನು ಅದೇ ಕೋರ್ಟ್ ಟೀಕಿಸಿತು. ಹೇಳಿಕೆ ಬೇಕಿದ್ದರೆ ಅವಳಿದ್ದಲ್ಲಿಗೆ ಹೋಗಿ, ಕುಟುಂಬದ ಒಪ್ಪಿಗೆ ಬೇಕಾಗಿಲ್ಲ ಎಂದಿತು.

ಮಲೆನಾಡಿನಲ್ಲಿ ನಡೆಯುವುದು ಹೀಗೆ. ಹುಡುಗಿ ಕಾಣೆಯಾಗಿದ್ದಾಳೆ ಎಂದು ಅಪ್ಪ ದೂರು ಕೊಡುತ್ತಾನೆ. ಜೋಡಿ ಶಿವಮೊಗ್ಗದ ಎಸ್‌ಪಿ ಕಚೇರಿಗೆ ಹೋಗಿ ಇಷ್ಟಪಟ್ಟು ಬಂದಿದ್ದೇವೆ, ರಕ್ಷಣೆ ಕೊಡಿ ಎಂದು ಬರೆದುಕೊಡುತ್ತದೆ. ಆಗ ಕೈಯಲ್ಲಿ ಇರಬೇಕಾದ ಮುಖ್ಯ ಕಾಗದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಯಸ್ಸಿಗೆ ಅದೇ ಸಾಕ್ಷಿ. ಮದುವೆ ಫೋಟೋಕ್ಕಿಂತ ಅದು ದೊಡ್ಡದು.

ಯಾವ ಕಾಯ್ದೆಯಲ್ಲಿ ಮದುವೆಯಾಗಬೇಕು? ಮೊದಲು ಹೇಳಿದ ಪಟ್ಟಿಯ ವ್ಯತ್ಯಾಸ ಬರುವುದು ಇಲ್ಲಿ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರ ಬೇರೆ ಆದೇಶ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಅನ್ವಯವಾಗುವುದಿಲ್ಲ. ಹಸಲರಿಗೆ, ಹಕ್ಕಿಪಿಕ್ಕಿಗಳಿಗೆ ಅವರ ಪದ್ಧತಿಯೇ ಕಾನೂನು. ಪರಿಶಿಷ್ಟ ಜಾತಿಯಲ್ಲಿರುವ ಲಂಬಾಣಿಗರಿಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಪದ್ಧತಿಯೇ ಕಾನೂನು ಅಂದರೆ ಕೇಳಲು ಚೆಂದ. ಗಂಡ ಇನ್ನೊಂದು ಮದುವೆಯಾದಾಗ ಅದರ ಬಿಸಿ ತಟ್ಟುತ್ತದೆ. 2001ರಲ್ಲಿ ಬುಡಕಟ್ಟಿನ ಹೆಂಡತಿಯೊಬ್ಬರು ಗಂಡನ ಎರಡನೇ ಮದುವೆಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದರು. ಎರಡನೇ ಮದುವೆ ಅಸಿಂಧು ಎನ್ನುವ ಪದ್ಧತಿ ನಿಮ್ಮಲ್ಲಿದೆ ಎಂದು ನೀವೇ ಸಾಬೀತು ಮಾಡಬೇಕಿತ್ತು, ಮಾಡಿಲ್ಲ ಎಂದು ಕೋರ್ಟ್ ಹೇಳಿತು. ಬರೆದಿಡದ ಪದ್ಧತಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ, ನೀವೇ ಯೋಚಿಸಿ.

ಹಾಗಾಗಿ ಪಂಗಡ ದಾಟಿದ ಮದುವೆಗೆ ವಿಶೇಷ ವಿವಾಹ ಕಾಯ್ದೆಯೇ ಗಟ್ಟಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟಿಸ್ ಕೊಡಬೇಕು, ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಮೂವತ್ತು ದಿನವಾದರೂ ಇದ್ದಿರಬೇಕು. ನೋಟಿಸ್ ಕೊಟ್ಟ ಮೇಲೆ ಮೂವತ್ತು ದಿನ ಕಾಯಬೇಕು, ಮೂರು ಸಾಕ್ಷಿ ಬೇಕು. ನೋಟಿಸಿನ ಪ್ರತಿ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಖಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ತಾಲ್ಲೂಕು ಕಚೇರಿಯ ಆವರಣ ಎಂದರೆ ಊರಿನ ಅರ್ಧ ಜನ ಪಹಣಿಗೆ ಬಂದು ನಿಲ್ಲುವ ಜಾಗ. ಮೂವತ್ತು ದಿನ ಬೇಡ, ಮೂರು ಗಂಟೆ ಸಾಕು ಸುದ್ದಿ ಮ್ಯಾಮ್ಕೋಸ್ ಅಡಿಕೆ ಮಂಡಿ ತಲುಪಲು. ತಕರಾರು ಹಾಕಲು ಯಾರು ಬೇಕಾದರೂ ಬರಬಹುದು, ಆದರೆ ನಿಲ್ಲುವ ಕಾರಣಗಳು ಕೆಲವೇ: ವಯಸ್ಸು, ಮೊದಲೇ ಮದುವೆ, ಮನಸ್ಸಿನ ಸ್ವಾಸ್ಥ್ಯ, ನಿಷೇಧಿತ ಸಂಬಂಧ. ಜಾತಿ ಬೇರೆ, ಬಳಿ ಒಂದೇ ಎಂದು ಬರೆದುಕೊಟ್ಟರೆ ಅದನ್ನು ಪಕ್ಕಕ್ಕಿಡಬೇಕು.

ತೀರ್ಥಹಳ್ಳಿಯ ಕಡೆಯವರು ಮಂತ್ರಮಾಂಗಲ್ಯದ ಮಾತು ಎತ್ತುತ್ತಾರೆ. ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ ಆಗುವ ಆ ಸರಳ ಮದುವೆಯನ್ನು ಕುವೆಂಪು 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯಲ್ಲೇ ನಡೆಸಿ ತೋರಿಸಿದರು. ಜಾತಿ ದಾಟಿದವರಿಗೆ ಅದು ಇಂದಿಗೂ ಧೈರ್ಯ ಕೊಡುತ್ತದೆ. ಆದರೆ ಪಂಗಡ ದಾಟಿದ ಜೋಡಿ ಅದರ ಜೊತೆಗೆ ವಿಶೇಷ ವಿವಾಹ ಕಾಯ್ದೆಯ ನೋಂದಣಿಯನ್ನೂ ಮಾಡಿಸಿಕೊಂಡರೆ ಒಳ್ಳೆಯದು.

ಮಗುವಿನ ಜಾತಿ, ಹೆಣ್ಣಿನ ಜಮೀನು

ಮದುವೆಯಿಂದ ಯಾರ ಜಾತಿಯೂ ಬದಲಾಗುವುದಿಲ್ಲ. ಹುಟ್ಟಿನಿಂದ ಹಸಲರವಳಾದ ಹುಡುಗಿ ಒಕ್ಕಲಿಗನನ್ನು ಮದುವೆಯಾದರೂ ಅವಳ ಪ್ರಮಾಣಪತ್ರ ಅವಳದೇ. ಪಂಚಾಯಿತಿಯ ಮೀಸಲು ಸೀಟಿಗೆ ಅವಳು ನಿಲ್ಲಬಹುದು. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಗೆ ಆ ಹಕ್ಕು ಬರುವುದಿಲ್ಲ. 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಗೊಂದಲ ಇರುವುದು ಮಕ್ಕಳ ವಿಷಯದಲ್ಲಿ. ನಾಡಕಚೇರಿಯಲ್ಲಿ ಮಗುವಿನ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ ಕೇಳುವುದು ಅಪ್ಪನ ಜಾತಿ, ಅಪ್ಪನ ಜಾತಿ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್. ತಾಯಿಯ ಬಳಿ ಎಣಿಸುವ ಸಮುದಾಯಗಳಲ್ಲಿ ಮಗು ತಾಯಿಯದು, ಅಪ್ಪ ಹೊರಗಿನವನಾದರೂ ಅದಕ್ಕೊಂದು ಬಳಿ ಇದ್ದೇ ಇದೆ. ಕಚೇರಿ ಆ ಮಗುವನ್ನು ಹೊರಗಿನದು ಎನ್ನುತ್ತದೆ. ಅದೇ ಸಮುದಾಯದ ಹುಡುಗ ಹೊರಗಿನವಳನ್ನು ತಂದರೆ ಮಗುವಿಗೆ ಪ್ರಮಾಣಪತ್ರ ಸಲೀಸಾಗಿ ಸಿಗುತ್ತದೆ, ಕೇರಿಯ ಲೆಕ್ಕದಲ್ಲಿ ಬಳಿ ಸಿಗುವುದಿಲ್ಲ. ಸಂಪ್ರದಾಯವೇ ಹಿಂದೆ ಬಿದ್ದಿದೆ, ಸರ್ಕಾರ ಮುಂದಿದೆ ಎನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಜಮೀನಿನ ಭಯವೂ ಇದರ ಜೊತೆಗೇ ಇದೆ. ಹೊರಗಿನ ಅಳಿಯ ಬಂದರೆ ಇದ್ದ ಅರ್ಧ ಎಕರೆಯೂ ಹೋಗುತ್ತದೆ ಎನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಕ್ಕ ಹಕ್ಕುಪತ್ರ ಮಾರಲು ಬರುವುದಿಲ್ಲ, ವಾರಸುದಾರರಿಗೆ ಮಾತ್ರ ಇಳಿಯುತ್ತದೆ. ಮದುವೆಯಾದವರಿಗೆ ಅದನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೇ ಕೊಡಬೇಕು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ರಾಜ್ಯದ 1978ರ ಕಾಯ್ದೆ ತಡೆಯುತ್ತದೆ. ಅಂದರೆ ಅಳಿಯ ಮಾರಿಕೊಂಡು ಹೋಗುವುದು ಕಾಗದದ ಮೇಲಾದರೂ ಕಷ್ಟ. ಇನ್ನು ಮಗಳಿಗೆ ಪಾಲು ಕೊಡಬೇಕೋ ಬೇಡವೋ ಎಂಬ ಪ್ರಶ್ನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಪಂಗಡದವರಿಗೆ ಅನ್ವಯವಾಗುವುದಿಲ್ಲ. 2025ರ ಜುಲೈನಲ್ಲಿ ಛತ್ತೀಸ್‌ಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಣ್ಣಿಗೆ ಪಾಲಿಲ್ಲ ಎನ್ನುವ ಪದ್ಧತಿ ಸಾಬೀತಾಗದಿದ್ದರೆ ಅವಳಿಗೂ ಸಮಪಾಲು ಎಂದು ತೀರ್ಪು ಕೊಟ್ಟಿತು. 2001ರಲ್ಲಿ ಪದ್ಧತಿಯನ್ನು ಸಾಬೀತು ಮಾಡುವ ಹೊರೆ ಹೆಣ್ಣಿನ ಮೇಲಿತ್ತು. ಈ ಸಲ ಅದು ಪಾಲು ಕೊಡೆವು ಎನ್ನುವವರ ಮೇಲೆ ಬಿತ್ತು.

ಮಗುವಿನ ಪ್ರಮಾಣಪತ್ರಕ್ಕೂ ಒಂದು ದಾರಿಯಿದೆ. 2012ರಲ್ಲಿ ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿಗೆ ಅಪ್ಪನ ಜಾತಿ ಎಂಬುದು ಬರೀ ಊಹೆ, ಅದನ್ನು ಸಾಕ್ಷಿಯಿಂದ ತೆಗೆದುಹಾಕಬಹುದು ಎಂದಿದೆ. ಮಗು ತಾಯಿಯ ಜನರ ನಡುವೆ ಬೆಳೆದಿದೆ, ಅವರು ಅದನ್ನು ತಮ್ಮದೆಂದು ಒಪ್ಪಿದ್ದಾರೆ, ಅವರು ಪಟ್ಟ ಕಷ್ಟವನ್ನೇ ಅದೂ ಪಟ್ಟಿದೆ ಎಂದು ತೋರಿಸಬೇಕು. ಇಂಥ ಮನೆಗಳಲ್ಲಿ ಅಂಗನವಾಡಿಗೆ ಸೇರಿಸುವ ದಿನದಿಂದಲೇ ಕಾಗದ ಇಟ್ಟುಕೊಳ್ಳುವುದು ಒಳ್ಳೆಯದು. ತಾಯಿಯ ಜಾತಿ ಪ್ರಮಾಣಪತ್ರ, ಕೇರಿಯ ವಿಳಾಸ ಇರುವ ರೇಷನ್ ಕಾರ್ಡು, ಒಂದನೇ ಕ್ಲಾಸಿನ ದಾಖಲಾತಿ. ಶಾಲೆಯಲ್ಲಿ ಜಾತಿಯ ಕಾಲಂ ತುಂಬುವಾಗ ಮೇಷ್ಟ್ರು ರೂಢಿಯಂತೆ ಅಪ್ಪನ ಜಾತಿ ಬರೆದುಬಿಡುತ್ತಾರೆ. ಆಮೇಲೆ ಅದನ್ನು ತಿದ್ದಿಸಲು ತಹಶೀಲ್ದಾರರ ಕಚೇರಿಗೆ ಅಲೆಯಬೇಕಾಗುತ್ತದೆ. ಅವರು ಪೆನ್ನು ತೆಗೆಯುವ ಮೊದಲೇ ತಾಯಿ ಹೇಳಿಬಿಡಬೇಕು.